ನೀರಿನಲ್ಲಿ ಕರಗುವ ಎಚ್ಚರಿಕೆ

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎರಚದೆ ಮರಳುವುದು ಅಪರೂಪ. ಮನುಷ್ಯರ ನೆರಳಿಗೂ ಹೆದರದ ಆ ಮೀನುಗಳು, ನಮ್ಮ ಸೆಂಟರ್‌ವಿಲ್ಲಿನ ಕಬ್ ರನ್ ತೊರೆಯಲ್ಲಿ ನೆರಳು ಬಿದ್ದೊಡನೆ ಚದುರುವ ಬೆರಳುದ್ದದ ಡೇಸ್ ಮೀನುಗಳು, ಇವೆರಡೂ ಕಾರ್ಪ್ ಮೀನಿನ ಬಳಗಕ್ಕೆ ಸೇರಿದವು. ಈ ಬಳಗದ ಚರ್ಮದಲ್ಲಿ ಅಡಗಿರುವ ಗುಟ್ಟು ಬಯಲಾದ ಬಗೆಯನ್ನು ಇಲ್ಲಿ ನೆನೆಯುತ್ತೇವೆ.

ಜೇನುಹುಳುಗಳ ನೃತ್ಯಭಾಷೆಯನ್ನು ಅರಿತು 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಷ್ ಅವರು ಮೀನುಗಳ ಇಂದ್ರಿಯಗಳನ್ನೂ ಅಧ್ಯಯನ ಮಾಡುತ್ತಿದ್ದರು. ಆಸ್ಟ್ರಿಯದ ವೋಲ್ಫ್‌ಗಾಂಗ್ ಸರೋವರದಲ್ಲಿ ಒಂದು ಮಿನ್ನೋ ಮೀನನ್ನು ಗುರುತಿಸಲೆಂದು ಅದರ ಬಾಲದ ಬಳಿಯ ನರವೊಂದನ್ನು ಕತ್ತರಿಸಿ ಗುಂಪಿಗೆ ಬಿಟ್ಟರು. ಸಂಗಡಿಗ ಮೀನುಗಳು ಬೆದರಿ ಓಡಿದವು. ಕಾರಣ ಮೀನಿನ ನೋಟವಲ್ಲ, ಗಾಯಗೊಂಡ ಚರ್ಮದಿಂದ ನೀರಿಗೆ ಸೇರಿದ ವಸ್ತು ಎಂದು 1938ರಲ್ಲಿ ಪ್ರಕಟಿಸಿದರು. ಜರ್ಮನ್ ಭಾಷೆಯಲ್ಲಿ ಅದಕ್ಕೆ 'ಶ್ರೆಕ್‌ಷ್ಟೋಫ್', ಅಂದರೆ ಭಯದ ವಸ್ತು, ಎಂಬ ಹೆಸರು ಬಂದಿತು.

ಅದರ ವಿಸ್ತಾರವಾದ ಪ್ರಬಂಧ ಹೊರಬಂದುದು 1941ರಲ್ಲಿ. ಅದೇ ವರ್ಷ, ತಾಯಿಯ ಕಡೆಯ ಅಜ್ಜಿಯ ಮೂಲವನ್ನು ಕೆದಕಿ, ನಾಜಿ ಆಡಳಿತವು ಅವರನ್ನು ಕಾಲುಭಾಗ ಯಹೂದಿ ಎಂದು ವರ್ಗೀಕರಿಸಿತು. ಮ್ಯೂನಿಕ್‌ನ ಪ್ರಾಧ್ಯಾಪಕ ಹುದ್ದೆ ಹೋಗುವುದರಲ್ಲಿತ್ತು. ನೊಸೀಮಾ ರೋಗದಿಂದ ಜೇನುಗಳು ಸಾಯುತ್ತಿದ್ದ ಕಾಲವದು. ಆ ರೋಗದ ಕೆಲಸಕ್ಕೆ ಅವರು ಬೇಕಾಗಿದ್ದುದರಿಂದ ವಜಾ ಆದೇಶ ಯುದ್ಧ ಮುಗಿಯುವವರೆಗೆ ಮುಂದಕ್ಕೆ ಹೋಯಿತು. ಮೀನುಗಳ ಭಯವನ್ನು ಬರೆಯುತ್ತಿದ್ದವರ ತಲೆಯ ಮೇಲೆಯೇ ಭಯ ತೂಗುತ್ತಿತ್ತು!

ವೈದ್ಯರಾದ ನಮಗೆ ಇದರ ಅಂಗರಚನೆಯೇ ಹೆಚ್ಚು ಸೋಜಿಗ. ಚರ್ಮದ ಮೇಲ್ಪದರದಲ್ಲಿರುವ ಗದೆಯಾಕಾರದ ಕೋಶಗಳಿಗೆ ಹೊರದ್ವಾರವಿಲ್ಲ. ಚರ್ಮ ಹರಿದರಷ್ಟೇ ಅವು ಒಡೆಯುತ್ತವೆ. ಹಾಗಾದರೆ ಕಚ್ಚಿಸಿಕೊಂಡ ಮೀನಿಗೆ ಲಾಭವೇನು? ಅದು ಸಾಯುತ್ತದೆ, ಉಳಿದವು ಬದುಕುತ್ತವೆ. ಈ ಕೋಶಗಳ ಮೂಲ ಕೆಲಸ ಪರೋಪಜೀವಿ, ರೋಗಾಣು ಹಾಗೂ ನೇರಳಾತೀತ ಕಿರಣಗಳಿಂದ ಚರ್ಮವನ್ನು ಕಾಯುವುದೇ ಇರಬಹುದೆಂದು ಡಗ್ಲಸ್ ಚಿವರ್ಸ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ; ಆದರೂ ಚರ್ಮವನ್ನು ರೋಗನಿರೋಧದ ಅಂಗವೆಂದೇ ಕಲಿತ ನಮಗೆ ಈ ವಾದ ಹಿಡಿಸುತ್ತದೆ. 2012ರಲ್ಲಿ ಸಿಂಗಪುರದ ಸಂಶೋಧಕರು, ಸೀಬ್ರಾ ಮೀನಿನಲ್ಲಿ ಈ ಭಯದ ವಸ್ತುವಿನ ಒಂದಂಶ ಕಾಂಡ್ರಾಯಿಟಿನ್ ತುಣುಕುಗಳೆಂದು ತೋರಿಸಿದರು. ಮೊಣಕಾಲು ನೋವಿಗೆ ನಮ್ಮ ಹಿರಿಯರು ನುಂಗುವ ಮಾತ್ರೆಯಲ್ಲಿರುವ ವಸ್ತುವಿನ ಬಂಧುವೇ ಅದು.

ಕನ್ನಡನಾಡಿನಲ್ಲಿಯೂ ಈ ವಿದ್ಯೆ ಬೆಳೆದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ಕೆ. ಸೈದಾಪುರ, ಪ್ರೊ. ಭಾಗ್ಯಶ್ರೀ ಶಾನಭಾಗ ಹಾಗೂ ಅವರ ಶಿಷ್ಯರು ಕಪ್ಪೆಯ ಗೊದಮೊಟ್ಟೆಗಳನ್ನು ದಶಕಗಳ ಕಾಲ ಪರೀಕ್ಷಿಸಿದರು. ಅವು ಬೇಟೆಗಾರನನ್ನು ಅರಿಯುವುದು ಮುಖ್ಯವಾಗಿ ನೀರಿನಲ್ಲಿ ಬೆರೆತ ರಾಸಾಯನಿಕಗಳಿಂದ. ಸುಳಿವು ಸಿಕ್ಕೊಡನೆ ಈಜಾಟ ಕಡಿಮೆ ಮಾಡಿ ಮರೆಯನ್ನು ಸೇರುತ್ತವೆ.

ಈ ಎಚ್ಚರಿಕೆ ಕೇಳಿಸುವುದು ಮೂಗು ನೆಟ್ಟಗಿದ್ದರೆ ಮಾತ್ರ. ನೀರಿನಲ್ಲಿ ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಸಾಲ್ಮನ್ ಮರಿಗಳ ಘ್ರಾಣಶಕ್ತಿಯನ್ನು ಕುಂದಿಸುವುದೆಂದು ಅಮೆರಿಕದ ಪಶ್ಚಿಮ ತೀರದ ಅಧ್ಯಯನಗಳು ತೋರಿಸಿವೆ; ಆಗ ಅವು ಭಯದ ವಾಸನೆಗೂ ಓಡದೆ ನಿಲ್ಲುತ್ತವೆ. ಕಾರಿನ ಬ್ರೇಕ್ ಪುಡಿಯಲ್ಲಿ ತಾಮ್ರವಿದೆ, ಅಕ್ವೇರಿಯಂಗೆ ಹಾಕುವ ಕೆಲವು ಔಷಧಗಳಲ್ಲಿಯೂ ಇದೆ. ನಮ್ಮ ಬೀದಿಯಂಚಿನ ಮಳೆನೀರಿನ ಮೋರಿಗೆ ಸುರಿದುದು ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ. ಕಬ್ ರನ್‌ಗೆ, ಅಲ್ಲಿಂದ ಬುಲ್ ರನ್‌ಗೆ, ಕೊನೆಗೆ ನಾವು ಕುಡಿಯುವ ಆಕೊಕ್ವಾನ್ ಜಲಾಶಯಕ್ಕೆ ಹೋಗುತ್ತದೆ.