ಫೀಸ್ಟ್ ಆಫ್ ದಿ ಹಂಟರ್ಸ್ ಮೂನ್
ಅಮೆರಿಕದ ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್ ಬಳಿ, ವಬಾಶ್ ನದಿಯ ದಂಡೆಯಲ್ಲಿ ಪ್ರತಿ ಶರತ್ಕಾಲದಲ್ಲಿ ನಡೆಯುವ, 18ನೆಯ ಶತಮಾನದ ಬದುಕನ್ನು ಮರುಸೃಷ್ಟಿಸುವ ಉತ್ಸವ. 1968ರಲ್ಲಿ ಆರಂಭವಾದ ಇದನ್ನು ಟಿಪ್ಪೆಕನೂ ಕೌಂಟಿಯ ಇತಿಹಾಸ ಸಂಘ ನಡೆಸುತ್ತದೆ. ಫ್ರೆಂಚರು 1717ರಲ್ಲಿ ಸ್ಥಾಪಿಸಿದ ಉಯಟೆನನ್ ಕೋಟೆಯಲ್ಲಿ ತುಪ್ಪುಳುಚರ್ಮದ ವ್ಯಾಪಾರಕ್ಕೆ ಅವರೂ ಮೂಲನಿವಾಸಿಗಳೂ ಕೂಡುತ್ತಿದ್ದ ಸಂತೆಯೇ ಇದರ ಮಾದರಿ. ಭಾಗವಹಿಸುವವರು ಆ ಕಾಲದ ಉಡುಪು ತೊಟ್ಟು ಬಟ್ಟೆಯ ಡೇರೆಗಳಲ್ಲಿ ತಂಗುತ್ತಾರೆ. ಸೌದೆ ಬೆಂಕಿಯ ಮೇಲೆ ತೂಗುಹಾಕಿದ ಕಬ್ಬಿಣದ ಪಾತ್ರೆಗಳಲ್ಲಿ ಅಡುಗೆ ಬೇಯುತ್ತದೆ. ವ್ಯಾಪಾರಿಗಳ ವೇಷದವರು ದೋಣಿಗಳಲ್ಲಿ ಬಂದಿಳಿಯುತ್ತಾರೆ. ಚಕಮಕಿ ಬಂದೂಕಿನ ಪ್ರದರ್ಶನದಲ್ಲಿ ನಳಿಕೆಗೆ ಮದ್ದು ಮಾತ್ರ ತುಂಬುತ್ತಾರೆ, ಗುಂಡು ಹಾಕುವುದಿಲ್ಲ. ನೋಡುಗರು ಹಳೆಯ ಕೋಟೆಯದೇ ಎಂದುಕೊಳ್ಳುವ ಮರದ ಕಾವಲುಮನೆ ಮಾತ್ರ 1930ರದು. ಉತ್ಖನನದಲ್ಲಿ ಗೊತ್ತಾದ ಮೂಲ ಕೋಟೆಯ ನೆಲೆ ಅಲ್ಲಿಂದ ಸುಮಾರು ಒಂದು ಮೈಲಿ ಆಚೆಗಿದೆ.