ಗಾಜಿನೊಳಗಿನ ಜೌಗುನೆಲ

ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಗಿಡಗಳನ್ನು ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸುವ ರೂಢಿಯ ಚರಿತ್ರೆಯನ್ನು, ಜೀವಂತ ಸಸ್ಯಗಳನ್ನು ಸಮುದ್ರ ದಾಟಿಸಲು ನಡೆದ ಪ್ರಯತ್ನಗಳ ಚರಿತ್ರೆಯಿಂದ ಬೇರ್ಪಡಿಸಲು ಬರುವುದಿಲ್ಲ. ಲಂಡನ್ನಿನ ಲಿನನ್ ವರ್ತಕನೂ ನಿಸರ್ಗಶಾಸ್ತ್ರಜ್ಞನೂ ಆಗಿದ್ದ ಜಾನ್ ಎಲ್ಲಿಸ್ 1770ರಲ್ಲಿ ಪ್ರಕಟಿಸಿದ ಕಿರುಪುಸ್ತಕವೊಂದರಲ್ಲಿ ಈ ಎರಡೂ ವಿಷಯಗಳು ಜೊತೆಯಾಗಿಯೇ ಬಂದಿವೆ. ದೂರದೇಶಗಳ ಬೀಜ ಮತ್ತು ಸಸಿಗಳನ್ನು ಕೆಡದಂತೆ ಹಡಗಿನಲ್ಲಿ ತರುವ ಕ್ರಮವನ್ನು ವಿವರಿಸಿದ ಅವನು, ಅಮೆರಿಕದ ಕ್ಯಾರೊಲೈನಾದ ಜೌಗಿನಲ್ಲಿ ಬೆಳೆಯುವ, ಎಲೆಯ ಎರಡು ಹೋಳುಗಳನ್ನು ಮಡಚಿ ನೊಣವನ್ನು ಸೆರೆಹಿಡಿಯುವ ಡಯೋನಿಯಾ ಅಥವಾ ವೀನಸ್ ಫ್ಲೈಟ್ರ್ಯಾಪ್ ಗಿಡವನ್ನೂ ಅಲ್ಲಿಯೇ ವರ್ಣಿಸಿದನು. ಗಿಡವು ಕೀಟದಿಂದ ಪೋಷಣೆ ಪಡೆಯುತ್ತಿರಬಹುದೆಂಬ ಅವನ ಊಹೆಯನ್ನು ಲಿನೇಯಸ್‌ನಂಥ ವಿದ್ವಾಂಸನೇ ಒಪ್ಪಲಿಲ್ಲವಾದ್ದರಿಂದ, ಮುಂದಿನ ಒಂದು ಶತಮಾನ ಅದು ಬಹುಮಟ್ಟಿಗೆ ಊಹೆಯಾಗಿಯೇ ಉಳಿಯಿತು.

ಗಾಜಿನ ಪೆಟ್ಟಿಗೆಯು ಹುಟ್ಟಿದ್ದು ಲಂಡನ್ನಿನ ಕಲ್ಲಿದ್ದಲ ಹೊಗೆಯ ನಡುವೆ. ಆ ನಗರದ ಪೂರ್ವಭಾಗದಲ್ಲಿ ವೈದ್ಯನಾಗಿದ್ದ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ತನ್ನ ಅಂಗಳದಲ್ಲಿ ನೆಟ್ಟ ಜರೀಗಿಡಗಳು ಹೊಗೆಗೆ ಸಿಕ್ಕಿ ಸಾಯುವುದನ್ನು ಕಂಡು ಬೇಸತ್ತಿದ್ದನು. 1829ರಲ್ಲಿ ಪತಂಗದ ಕೋಶವೊಂದನ್ನು ಗಮನಿಸಲೆಂದು ತೇವದ ಮಣ್ಣಿನೊಡನೆ ಅವನು ಮುಚ್ಚಿಟ್ಟಿದ್ದ ಬಾಟಲಿಯಲ್ಲಿ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿಯೇ ಚಿಗುರಿದವು. ಹಗಲಿನಲ್ಲಿ ಮಣ್ಣಿನಿಂದ ಏಳುವ ತೇವವು ಗಾಜಿನ ಮೇಲೆ ಹನಿಗಟ್ಟಿ ಮತ್ತೆ ಮಣ್ಣಿಗೇ ಇಳಿಯುತ್ತಿದ್ದುದರಿಂದ ಅವು ಸುಮಾರು ನಾಲ್ಕು ವರ್ಷ ಬದುಕಿದವು. 1833ರಲ್ಲಿ ಅವನು ಇಂಥ ಎರಡು ಪೆಟ್ಟಿಗೆಗಳನ್ನು ಡರ್ಬಿ ಎಂಬ ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದಾಗ ಒಳಗಿನ ಗಿಡಗಳು ಜೀವಂತವಾಗಿಯೇ ತಲುಪಿದವು. ಮುಂದೆ ರಾಬರ್ಟ್ ಫಾರ್ಚ್ಯೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ, 1861ರಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನೀಲಗಿರಿಯನ್ನು ಸೇರಿದ್ದೂ ‘ವಾರ್ಡಿಯನ್ ಪೆಟ್ಟಿಗೆ’ ಎಂದು ಹೆಸರಾದ ಈ ಸಾಧನದಿಂದಲೇ. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆಯು 1845ರಲ್ಲಿ ರದ್ದಾದ ಮೇಲೆ ಅದು ಮಧ್ಯಮವರ್ಗದ ಬೈಠಕ್‌ಖಾನೆಗಳಿಗೂ ಬಂದಿತು.

ಕೀಟಾಹಾರಿ ಸಸ್ಯಗಳ ಸ್ವಭಾವ ಸ್ಪಷ್ಟವಾದದ್ದು ಆನಂತರವೇ. 1860ರ ಬೇಸಿಗೆಯಲ್ಲಿ ಸಸೆಕ್ಸಿನ ಬಯಲೊಂದರಲ್ಲಿ, ಎಲೆಯ ಅಂಟುಹನಿಗಳಿಂದ ಕೀಟಗಳನ್ನು ಹಿಡಿಯುವ ಡ್ರೊಸೆರಾವನ್ನು ಗಮನಿಸಿದ ಡಾರ್ವಿನ್, ಹಲವು ವರ್ಷಗಳ ಪ್ರಯೋಗದ ಬಳಿಕ 1875ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದನು. ಅದರ ಹಿಂದಿನ ವರ್ಷವೇ ಕ್ಯೂ ಉದ್ಯಾನದ ಜೋಸೆಫ್ ಹೂಕರ್ ಬೆಲ್‌ಫಾಸ್ಟಿನ ಸಭೆಯೊಂದರಲ್ಲಿ ಹೂಜಿಗಿಡಗಳ ಜೀರ್ಣಕ್ರಿಯೆಯನ್ನು ವಿವರಿಸಿದ್ದನು. ಜೌಗುನೆಲದಲ್ಲಿ ಸಾರಜನಕದ ಕೊರತೆಯಿರುವುದರಿಂದ ಈ ಗಿಡಗಳು ಅದನ್ನು ಕೀಟಗಳಿಂದ ತುಂಬಿಕೊಳ್ಳುತ್ತವೆ ಎಂಬ ತಿಳಿವಳಿಕೆಯೇ, ಇಂದಿನ ಬೆಳೆಗಾರರು ಗೊಬ್ಬರವನ್ನು ದೂರವಿಟ್ಟು, ಸ್ಫ್ಯಾಗ್ನಂ ಎಂಬ ಜೌಗುಪಾಚಿಯನ್ನು ಬಳಸಿ, ಲವಣವಿಲ್ಲದ ಮಳೆನೀರನ್ನು ಮಾತ್ರ ಹಾಕುವುದಕ್ಕೆ ಆಧಾರವಾಗಿದೆ.

ಆದರೆ ಪೆಟ್ಟಿಗೆಗೂ ಈ ಗಿಡಗಳಿಗೂ ಪೂರ್ತಿ ಹೊಂದಾಣಿಕೆ ಎಂದೂ ಇರಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ವಾರ್ಡನ ಪೆಟ್ಟಿಗೆಯು ನೆರಳನ್ನು ಸಹಿಸುವ ಜರೀಗಿಡಗಳಿಗೆ ಹೇಳಿಮಾಡಿಸಿದಂತಿತ್ತು. ಡಯೋನಿಯಾವಾದರೋ ಕಾಡ್ಗಿಚ್ಚು ಆಗಾಗ ಸವರಿ ತೆರವಾಗಿಸುವ ಪೈನ್ ಬಯಲುಗಳಲ್ಲಿ ನೇರ ಬಿಸಿಲಿಗೆ ಬೆಳೆಯುವಂಥದು, ಚಳಿಗಾಲದಲ್ಲಿ ಕೆಲವು ತಿಂಗಳು ತಂಪಿನಲ್ಲಿ ವಿರಮಿಸಬೇಕಾದದ್ದು. ಮುಚ್ಚಿದ ಗಾಜನ್ನು ಬಿಸಿಲಿಗಿಟ್ಟರೆ ಒಳಗಿನ ಶಾಖವೇ ಗಿಡವನ್ನು ಕೊಲ್ಲುತ್ತದೆ, ನೆರಳಿಗಿಟ್ಟರೆ ಅದು ಬೆಳಕಿಲ್ಲದೆ ಸೊರಗುತ್ತದೆ. 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು ಮತ್ತು ಈಚಿನ ಎಲ್‌ಇಡಿ ದೀಪಗಳು ಬೆಳಕಿನ ತೊಡಕನ್ನು ಬಹುಮಟ್ಟಿಗೆ ನೀಗಿದ್ದರೂ ಚಳಿಯ ವಿರಾಮವನ್ನು ಅವು ಒದಗಿಸಲಾರವು. ಆದ್ದರಿಂದ ಅನುಭವಿಗಳು ಪೆಟ್ಟಿಗೆಗೆ ಉಷ್ಣವಲಯದ ಸಣ್ಣ ಡ್ರೊಸೆರಾ ಮತ್ತು ಕಿರಿಯ ಹೂಜಿಗಿಡಗಳನ್ನೇ ಆರಿಸಿ, ಗಾಳಿಯಾಡಲು ಕಿಂಡಿ ಬಿಡುತ್ತಾರೆ. ಕರ್ನಾಟಕದ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಡ್ರೊಸೆರಾ ಇಂಡಿಕಾ, ಪೋಷಕಾಂಶವಿಲ್ಲದ ತೆಳುಮಣ್ಣು ಮತ್ತು ತೆರೆದ ಬೆಳಕು ಈ ಗಿಡಗಳಿಗೆ ಎಷ್ಟು ಮುಖ್ಯವೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಹಡಗಿನ ಕಾಲದಲ್ಲಿ ಸಂಗ್ರಹವೆಂದರೆ ನೆಲದಿಂದ ಕಿತ್ತು ತರುವುದೇ ಆಗಿತ್ತು. ಈಗ ಅಂಗಾಂಶ ಕೃಷಿಯಿಂದ, ಅಂದರೆ ಗಿಡದ ಚಿಕ್ಕ ತುಣುಕಿನಿಂದ ಪ್ರಯೋಗಾಲಯದಲ್ಲಿ ಸಸಿ ಎಬ್ಬಿಸುವ ವಿಧಾನದಿಂದ, ನರ್ಸರಿಗಳಿಗೆ ಬೇಕಾದಷ್ಟು ಗಿಡಗಳು ದೊರೆಯುತ್ತವೆ. ಹೀಗಿದ್ದೂ ಕಳವು ನಿಲ್ಲದ ಕಾರಣ, ಉತ್ತರ ಕ್ಯಾರೊಲೈನಾ ರಾಜ್ಯವು 2014ರಲ್ಲಿ ಕಾಡಿನ ಡಯೋನಿಯಾವನ್ನು ಕದಿಯುವುದನ್ನು ಗಂಭೀರ ಅಪರಾಧವನ್ನಾಗಿಸಿತು. ಭಾರತದ ಏಕೈಕ ಹೂಜಿಗಿಡವಾದ ಮೇಘಾಲಯದ ನೆಪೆಂಥಿಸ್ ಖಾಸಿಯಾನಾದ ವ್ಯಾಪಾರವನ್ನೂ ಅಂತರರಾಷ್ಟ್ರೀಯ ಒಪ್ಪಂದವು ಅತ್ಯಂತ ಕಟ್ಟುನಿಟ್ಟಾದ ನಿರ್ಬಂಧಕ್ಕೆ ಒಳಪಡಿಸಿದೆ.