ಹವಳದ ಅಕ್ವೇರಿಯಂನಲ್ಲಿ ಒಂದೇ ಜಾತಿಯ ಮೀನುಗಳು

ಸಮುದ್ರದ ನೀರು, ಕಲ್ಲು, ಹವಳಗಳಿಂದ ಕಟ್ಟಿದ ತೊಟ್ಟಿಯಲ್ಲಿ ಒಂದೇ ಜಾತಿಯ ಹಲವು ಮೀನುಗಳನ್ನು ಕೂಡಿಸಿ ಸಾಕುವುದು ಅಕ್ವೇರಿಯಂ ಹವ್ಯಾಸದಲ್ಲಿ ತುಸು ತಂಟೆಯ ಕೆಲಸ. ಸಿಹಿನೀರಿನಲ್ಲಿ ಹತ್ತು ನಿಯಾನ್ ಟೆಟ್ರಾ ಬಿಟ್ಟರೆ ಹತ್ತೂ ಜೊತೆಯಾಗಿ ಓಡಾಡುತ್ತವೆ. ಹವಳದ ನಡುವೆ ಬಾಳುವ ಮೀನುಗಳಲ್ಲಿ ಹಲವು ಜಾತಿಗಳಿಗೆ ತಮ್ಮದೇ ಕುಲದ ಇನ್ನೊಂದು ಮೀನೇ ದೊಡ್ಡ ಶತ್ರು: ಅದೇ ಬಿಲ, ಅದೇ ಆಹಾರ, ಅದೇ ಜೋಡಿಗೆ ಅದು ಪೈಪೋಟಿಗಿಳಿಯುತ್ತದೆ. ಹೀಗಾಗಿ ಎಷ್ಟು ಮೀನು ಬಿಡಬಹುದೆಂಬುದು ಲೀಟರುಗಳ ಲೆಕ್ಕದಲ್ಲೇ ಮುಗಿಯುವುದಿಲ್ಲ. ಆ ಜಾತಿಯ ಸಂಸಾರದ ಕಟ್ಟುಪಾಡನ್ನೂ ತಿಳಿಯಬೇಕು.

ಅಂಗಡಿಗಳಲ್ಲಿ ‘ನೀಮೋ’ ಎಂದೇ ಹೆಸರಾದ ಕ್ಲೌನ್ ಫಿಶ್ ಇದಕ್ಕೆ ಸ್ಪಷ್ಟ ನಿದರ್ಶನ. ಎಲ್ಲ ಮರಿಗಳೂ ಮೊದಲು ಗಂಡಾಗಿ ಬೆಳೆಯಬಲ್ಲವು. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಅದರ ಗಂಡು, ಉಳಿದವು ಸಂತಾನವಿಲ್ಲದೆ ಸರದಿ ಕಾಯುವ ಕಿರಿಯರು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು, ಕೆಳಗಿನದು ಒಂದು ಮೆಟ್ಟಿಲು ಮೇಲೇರುತ್ತದೆ. ಪಾಪುವಾ ನ್ಯೂಗಿನಿಯಲ್ಲಿ ಪೀಟರ್ ಬಸ್ಟನ್ ನಡೆಸಿ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಗುಟ್ಟನ್ನು ಬಿಚ್ಚಿಟ್ಟಿತು: ಕಿರಿಯ ಮೀನುಗಳು ಮೇಲಿನವನ್ನು ಕೆಣಕದಷ್ಟೇ ಗಾತ್ರಕ್ಕೆ ತಮ್ಮ ಬೆಳವಣಿಗೆಯನ್ನು ತಾವೇ ತಡೆದುಕೊಳ್ಳುತ್ತವೆ. ಮಿತಿ ಮೀರಿದರೆ ತಾವು ವಾಸಿಸುವ ಕಡಲಹೂವಿನ (ಸೀ ಅನಿಮೋನ್) ಆಸರೆಯಿಂದ ಹೊರದೂಡಲ್ಪಡುವ ಭಯ. ಗಾಜಿನ ತೊಟ್ಟಿಯಲ್ಲಿ ಹೊರಹೋಗಲು ಹಾದಿಯೇ ಇಲ್ಲ. ಹೊರಗಾದ ಮೀನು ಮೂಲೆ ಸೇರಿ, ರೆಕ್ಕೆ ಹರಿದು ಸಾಯುತ್ತದೆ. ಎರಡೇ ಮೀನು, ಒಂದು ದೊಡ್ಡದು ಒಂದು ಚಿಕ್ಕದು, ಎಂಬ ಆಯ್ಕೆ ಜಾಣತನದ್ದು.

ಆಂಥಿಯಾಸ್ ಮೀನಿನಲ್ಲಿ ಕ್ರಮ ತಿರುವುಮುರುವು. ಎಲ್ಲವೂ ಹೆಣ್ಣಾಗಿ ಆರಂಭಿಸುತ್ತವೆ. ಗಂಡು ಇಲ್ಲವಾದರೆ ದೊಡ್ಡ ಹೆಣ್ಣು ಗಂಡಾಗುತ್ತದೆ. ಇಂಥ ಬದಲಾವಣೆಯ ವೇಗವನ್ನು ರಾಸ್ ರಾಬರ್ಟ್ಸನ್ 1972ರಲ್ಲಿ ಕ್ಲೀನರ್ ವ್ರಾಸ್ ಮೀನಿನಲ್ಲಿ ತೋರಿಸಿದರು. ಗಂಡನ್ನು ತೆಗೆದ ಕೆಲವೇ ಗಂಟೆಗಳಲ್ಲಿ ಹಿರಿಯ ಹೆಣ್ಣು ಗಂಡಿನಂತೆ ವರ್ತಿಸತೊಡಗಿತು, ಎರಡು ವಾರ ಕಳೆಯುವಷ್ಟರಲ್ಲಿ ವೀರ್ಯ ಉತ್ಪಾದಿಸುವ ಹಂತ ಮುಟ್ಟಿತು. ಆದ್ದರಿಂದ ಆಂಥಿಯಾಸ್ ಕೊಳ್ಳುವವರು ಗಂಡನ್ನು ಹುಡುಕಬೇಕಿಲ್ಲ, ಹೆಣ್ಣುಗಳ ಗುಂಪೇ ಸಾಕು. ಆದರೆ ಅವಕ್ಕೆ ದಿನಕ್ಕೆ ಹಲವು ಬಾರಿ ತಿನಿಸು ಬೇಕು. ತಿನಿಸು ಹೆಚ್ಚಿದಂತೆ ನೈಟ್ರೇಟ್ ಏರಿ ಹವಳ ಸೊರಗುತ್ತದೆ.

ಹಸಿರು ಕ್ರೋಮಿಸ್ ನೋಡಲು ಸಾಧು. ಆದರೂ ಏಳೆಂಟು ತಂದರೆ ತಿಂಗಳುಗಳಲ್ಲಿ ಒಂದೊಂದಾಗಿ ಕರಗಿ ಎರಡು ಮೂರಕ್ಕೆ ಇಳಿಯುವುದು ಹವ್ಯಾಸಿಗಳು ಮತ್ತೆ ಮತ್ತೆ ಹೇಳುವ ದೂರು. ಇಂಡೊನೇಷ್ಯಾದ ಬಂಗಾಯ್ ಕಾರ್ಡಿನಲ್ ಮೀನು ಮರಿಯಾಗಿದ್ದಾಗ ಗುಂಪಾಗಿರುತ್ತದೆ. ದೊಡ್ಡದಾಗಿ ಜೋಡಿ ಕಟ್ಟಿದ ಮೇಲೆ ಉಳಿದವನ್ನು ಓಡಿಸುತ್ತದೆ.

ಕರ್ನಾಟಕದಲ್ಲಿ ಹವಳ ಮತ್ತು ಹವಳದ ಮೀನು ಕಾಣಬೇಕೆಂದರೆ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಕಡಲಿನಿಂದ ದೂರದ ಊರಲ್ಲಿ ಇಂಥ ತೊಟ್ಟಿ ಕಟ್ಟುವುದೆಂದರೇನು ಎಂಬುದಕ್ಕೆ ಬೀದರನ್ನೇ ನೋಡಿ: ಅದು ನೇತ್ರಾಣಿಯಿಂದ ನೂರಾರು ಕಿಲೋಮೀಟರ್ ದೂರದ ಒಳನಾಡು. ಆದರೂ ಮೀನಿನ ಶಾಸ್ತ್ರಕ್ಕೆ ಆ ಊರು ಪರಕೀಯವಲ್ಲ. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರಿನ ನಂದಿನಗರದಲ್ಲಿದೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಅದರ ಅಧೀನದ್ದು. ಕಡಲಿನ ಕಾಲೇಜಿಗೆ ಒಳನಾಡಿನಿಂದ ಆಡಳಿತ!

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ, ಔರಾದ್ ಕಡೆಯ ಮಾಂಜ್ರಾ ನದಿ ಎರಡರಲ್ಲೂ ಸಿಹಿನೀರಿನ ಮೀನೇ. ಹವಳದ ತೊಟ್ಟಿಗೆ ಅಲ್ಲಿನ ನೀರು ನೇರವಾಗಿ ಒಗ್ಗದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಬೇಕಾದ್ದರಿಂದ 300 ಲೀಟರಿನ ತೊಟ್ಟಿಗೆ ಹತ್ತು ಕಿಲೋಗೂ ಮಿಕ್ಕಿ ಸಾಗರ ಲವಣ ಸುರಿಯಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ. ಬೋರ್‌ವೆಲ್ ನೀರನ್ನು ಆರ್‌ಒ ಯಂತ್ರದಲ್ಲಿ ಶುದ್ಧಗೊಳಿಸಿಯೇ ಬಳಸಬೇಕು. ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕಾದಲ್ಲಿ ಬೀದರಿನ ಮೇ ತಿಂಗಳ ಬಿಸಿಲು 40 ಮುಟ್ಟುತ್ತದೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಕರೆಂಟು ಹೋದರೆ ಮೀನುಗಳ ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಬೇಗ ಬರುತ್ತದೆ. ಗುಂಪು ಸಾಕುವವರಿಗೆ ಬ್ಯಾಟರಿಯ ಗಾಳಿ ಪಂಪ್ ಅಲಂಕಾರದ ವಸ್ತುವಲ್ಲ.

ಜಗಳ ತಗ್ಗಿಸಲು ಹವ್ಯಾಸಿಗಳು ಗುಂಪಿನ ಎಲ್ಲ ಮೀನುಗಳನ್ನೂ ಒಂದೇ ದಿನ ಬಿಡುತ್ತಾರೆ, ಇಲ್ಲವೇ ಹೊಸಬರನ್ನು ಕೆಲವು ದಿನ ರಂಧ್ರಗಳಿರುವ ಪೆಟ್ಟಿಗೆಯಲ್ಲಿಟ್ಟು ಪರಿಚಯ ಮಾಡಿಸುತ್ತಾರೆ. ಕಲ್ಲುಗಳನ್ನು ಬೇರೆ ರೀತಿ ಜೋಡಿಸಿದರೆ ಹಳಬರ ಗಡಿಗಳೂ ಅಳಿಸಿಹೋಗುತ್ತವೆ. ಸರ್ಜನ್ ಮೀನುಗಳ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುವುದರಿಂದ ಅವುಗಳಿಗೆ ಈ ಎಚ್ಚರ ಇನ್ನೂ ಅಗತ್ಯ. ಪುಂಡ ಮೀನನ್ನು ಆಮೇಲೆ ಹಿಡಿಯಲು ಹೊರಟರೆ ಕಲ್ಲು, ಹವಳ ಎಲ್ಲವನ್ನೂ ಕಿತ್ತು ತೆಗೆಯಬೇಕಾಗುತ್ತದೆ.

ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಇಂದು ಲಭ್ಯ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ ಕ್ಲೌನ್ ಮೀನುಗಳ ಮರಿ ಉತ್ಪಾದನೆಯನ್ನು ಕರಗತ ಮಾಡಿಕೊಂಡಿದೆ. ಹವಳದ ವಿಷಯ ಬೇರೆ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಭಾರತದ ಕಡಲಿನಿಂದ ಅವನ್ನು ಕೀಳುವುದು ಅಪರಾಧ. ಹಾಗಾಗಿ ಕೃತಕ ಕಲ್ಲು, ಕೃತಕ ಹವಳಗಳಿಂದಲೇ ತೊಟ್ಟಿ ಸಜ್ಜುಗೊಳಿಸುವವರೂ ಉಂಟು.